ತೊಗರಿ ಹೊಟ್ಟಿಗೂ ಬಂದೀತೇ ಬೆಲೆ?

ತುರೋರಿ (ಉಮರ್ಗಾ ತಾ.): ಬೇಳೆ ಅಂದ್ರ ಮನಿ ಪಾಲು, ಹೊಟ್ಟು ಅಂದ್ರ ದನದ ಪಾಲು. ತುರೋರಿ, ಉಮರ್ಗಾ, ನಿಲಂಗಾ, ಉದಗೀರ ಭಾಗದ ಕನ್ನಡ ಕುಟುಂಬಗಳಿಗೆ ಈ ಲೆಕ್ಕ ಹೊಸದಲ್ಲ. ಆದರೆ ಹಣ್ಣಿನ ಸಿಪ್ಪೆ, ಕಾಳಿನ ಹೊಟ್ಟು, ಹಿಂಡಿ ಉಳಿದ ಚರಟವನ್ನು ಭಾರಿ ಒತ್ತಡದಲ್ಲಿ ಹಾಯಿಸಿ ಮನುಷ್ಯರ ಊಟಕ್ಕೆ ಹೊಂದಿಸುವ ತಂತ್ರವೊಂದಿದೆ. ಹೆಸರು ‘ಹೈ ಪ್ರೆಶರ್ ಹೋಮೋಜಿನೈಸೇಶನ್’. ದಾಲ್ ಮಿಲ್ಲುಗಳ ಈ ಸೀಮೆಗೆ ಅದು ಒಗ್ಗೀತೇ ಎಂಬುದು ಈಗಿನ ಪ್ರಶ್ನೆ.

ತೊಗರಿಗೆ ಗಡಿಯ ಎರಡೂ ಕಡೆ ಹೆಸರಿದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ, ನಿಲಂಗಾ ತಾಲ್ಲೂಕಿನ ಬೋರಸುರಿ ತೊಗರಿ ಬೇಳೆಗೆ 2024ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿತು. ಕಾಳಿನ ತೂಕದಲ್ಲಿ ಸಿಪ್ಪೆಯ ಪಾಲು ಸುಮಾರು ಶೇ 12ರಿಂದ 15. ಆದರೂ ಹಳೆ ಪದ್ಧತಿಯ ಮಿಲ್ಲಿನಲ್ಲಿ ಕೈಗೆ ಬರುವ ಬೇಳೆ ಶೇ 70-75 ಮಾತ್ರ. ಉಳಿದ ಸಿಪ್ಪೆ, ನುಚ್ಚು, ಹುಡಿ ಎಲ್ಲ ಚುನಿಯಾಗಿ ದನದ ಗೋದಲಿ ಸೇರುತ್ತದೆ.

ಹಾಲಿನಿಂದ ನಾರಿಗೆ

ಈ ಮಶೀನ್ ಹುಟ್ಟಿದ್ದು ಹಾಲಿಗಾಗಿ. ಫ್ರಾನ್ಸಿನ ಆಗಸ್ಟ್ ಗೋಲಾನ್ 1899ರಲ್ಲಿ ಪೇಟೆಂಟ್ ಪಡೆದು, 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅದನ್ನು ತೋರಿಸಿದರು. ಹಾಲಿನ ಕೊಬ್ಬನ್ನು ಸಣ್ಣ ಸಣ್ಣ ಹನಿಯಾಗಿ ಒಡೆದು, ಕೆನೆ ಮೇಲೆ ಬಂದು ಕೂಡದಂತೆ ಮಾಡುವುದು ಅದರ ಕೆಲಸ. 1983ರಲ್ಲಿ ಅಮೆರಿಕದ ವಿಜ್ಞಾನಿಗಳು ಕಟ್ಟಿಗೆಯ ತಿರುಳನ್ನು ಇದೇ ಬಗೆಯ ಮಶೀನಿನಲ್ಲಿ ಹಾಯಿಸಿದ ವಿವರ ಪ್ರಕಟಿಸಿದರು. ನೀರಿನಂತಿದ್ದ ತಿರುಳು ಗಟ್ಟಿ ಲೋಳೆಯಾಗಿ ಹೊರಬಂದಿತ್ತು.

ಕೆಲಸದ ಬಗೆ ಸರಳ. ಹೊಟ್ಟನ್ನು ನುಣ್ಣಗೆ ಬೀಸಿ ನೀರಿನಲ್ಲಿ ಕಲಸಬೇಕು. ಪಂಪು ಆ ನೀರನ್ನು ಕೂದಲೆಳೆಗಿಂತ ಕಿರಿದಾದ ಸಂದಿಯೊಳಗೆ ದೂಡುತ್ತದೆ. ಸೀಟಿ ಹೊಡೆಯುವ ಕುಕ್ಕರಿನೊಳಗೆ ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚು ಒತ್ತಡ ಇರುತ್ತದೆ. ಹಾಲಿನ ಮಶೀನಿಗೆ ಬೇಕಾದದ್ದು 150-200 ಬಾರ್, ನಾರಿಗೆ 500 ಬಾರ್ ಅಥವಾ ಅದಕ್ಕೂ ಮೇಲೆ. ಸಂದಿ ದಾಟಿದ ಕ್ಷಣಕ್ಕೆ ಒತ್ತಡ ಕುಸಿದು, ನೀರಿನಲ್ಲಿ ಗುಳ್ಳೆ ಎದ್ದು ಒಡೆಯುತ್ತವೆ. ಆ ಸೆಳೆತ, ಹೊಡೆತಕ್ಕೆ ನಾರಿನ ಕಟ್ಟು ಬಿಚ್ಚಿ ಎಳೆ ಎಳೆಯಾಗುತ್ತದೆ. ಎಳೆ ಹೆಚ್ಚಾದಷ್ಟೂ ನೀರು ಹಿಡಿಯುವ ಜಾಗ ಹೆಚ್ಚು. ನಾಲಿಗೆಗೆ ಒರಟಾಗಿದ್ದದ್ದು ಮೆತ್ತಗಾಗುತ್ತದೆ.

ಕಿತ್ತಳೆ, ನಿಂಬೆ ಜಾತಿಯ ಸಿಪ್ಪೆಯಿಂದ ಹೀಗೆ ತಯಾರಾದ ನಾರು ಸಾಸ್, ಬ್ರೆಡ್, ಐಸ್‌ಕ್ರೀಮಿನಲ್ಲಿ ಬಳಕೆಯಾಗುತ್ತದೆ. ಕೊಬ್ಬು ಕಡಿಮೆ ಹಾಕಿದರೂ ತಿನಿಸು ತೆಳ್ಳಗಾಗದಂತೆ ಅದು ಹಿಡಿದಿಡುತ್ತದೆ.

ಒಂದು ವ್ಯಾಗನ್ ನೀರು

ಹಂಗಾದ್ರ ನಮ್ಮೂರಾಗೂ ಒಂದು ಮಶೀನ್ ಹಾಕಬಹುದಲ್ಲ? ಇಲ್ಲೇ ತೊಡಕು. ನಾರು ಸಂದಿಯಲ್ಲಿ ಕಟ್ಟಿಕೊಳ್ಳಬಾರದೆಂದರೆ ನೀರು ಬಹಳ ಬೇಕು. ನೂರು ಕಿಲೋ ಕಲಕಿನಲ್ಲಿ ಎರಡು ಕಿಲೋ ನಾರು ಎಂದು ಹಿಡಿದರೆ, ಒಂದು ಟನ್ ನಾರಿಗೆ 49 ಸಾವಿರ ಲೀಟರ್ ನೀರು. 2016ರ ಬರದಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ತಂದದ್ದನ್ನು ಈ ಭಾಗದ ಜನ ಮರೆತಿಲ್ಲ. ಆ ರೈಲಿನ ಒಂದೊಂದು ವ್ಯಾಗನ್ ಹೊತ್ತದ್ದು ಸುಮಾರು 50 ಸಾವಿರ ಲೀಟರ್. ಅಂದರೆ ಟನ್ ನಾರಿಗೆ ಹೆಚ್ಚುಕಮ್ಮಿ ಒಂದು ವ್ಯಾಗನ್ ನೀರು! ಸ್ವಲ್ಪ ನೀರನ್ನು ಹಿಂಡಿ ಮರಳಿ ಬಳಸಬಹುದು. ಆದರೆ ನೀರು ಹಿಡಿಯುವುದೇ ಈ ನಾರಿನ ಗುಣವಾದ್ದರಿಂದ ಅದನ್ನು ಒಣಗಿಸುವುದು ಸುಲಭವಲ್ಲ. ಒಣಗಿದ ಮೇಲೆ ಎಳೆಗಳು ಮತ್ತೆ ಅಂಟಿಕೊಂಡರೆ ಮಾಡಿದ್ದೆಲ್ಲ ವ್ಯರ್ಥ.

ಕರೆಂಟಿನ ಮಾತು ಬೇರೆ. ಕಟ್ಟಿಗೆ ತಿರುಳಿನ ಮೊದಮೊದಲ ಪ್ರಯೋಗಗಳಲ್ಲಿ ಟನ್‌ಗೆ 20 ಸಾವಿರ ಯೂನಿಟ್‌ಗೂ ಹೆಚ್ಚು ಸುಡುತ್ತಿತ್ತು. ಕಿಣ್ವ ಹಾಕಿ ಮೊದಲೇ ಮೆತ್ತಗೆ ಮಾಡಿಕೊಳ್ಳುವ ಪದ್ಧತಿ ಬಂದ ಮೇಲೆ ಖರ್ಚು ಬಹಳ ಇಳಿಯಿತು. ತೊಗರಿ ಹೊಟ್ಟಿಗೆ ಇನ್ನೊಂದು ಕೊರತೆಯೂ ಇದೆ. ಸಿಪ್ಪೆಯಲ್ಲಿ ಒಗರಿನ ಅಂಶ ಹೆಚ್ಚು. ಮಿಲ್ಲಿನ ನೆಲದ ಮೇಲೆ ರಾಶಿ ಬಿದ್ದ ಹೊಟ್ಟು ದನಕ್ಕೆ ನಡೆದೀತು, ಮನುಷ್ಯರ ಊಟಕ್ಕೆ ನಡೆಯದು.

ಮೊದಲ ಲಾಭ ಎಲ್ಲಿ?

ಒಣಗಿಸುವ ಗೋಜಿಲ್ಲದ ಕಡೆ ಈ ತಂತ್ರ ಬೇಗ ಒಗ್ಗುತ್ತದೆ. ಲಾತೂರು ಸೀಮೆಯ ಸೋಯಾ ಇದಕ್ಕೆ ಹತ್ತಿರದ ಉದಾಹರಣೆ. ಸೋಯಾ ಹಾಲು ಸೋಸಿದಾಗ ಉಳಿಯುವ ಚರಟವನ್ನು ನುಣ್ಣಗೆ ಮಾಡಿ ಹಾಲಿನಲ್ಲೇ ಉಳಿಸಿಕೊಂಡರೆ ನಾರೂ ಹೊಟ್ಟೆಗೆ ಸೇರುತ್ತದೆ. ಟೊಮೆಟೊ ರಸವನ್ನೂ ಹೀಗೆ ಹಾಯಿಸಿದರೆ ದಪ್ಪಗಾಗುತ್ತದೆ.

ತೊಗರಿಯ ಮಟ್ಟಿಗೆ ಮೊದಲ ದುಡ್ಡು ಇರುವುದು ಹೊಟ್ಟಿನಲ್ಲಲ್ಲ, ಹೊಟ್ಟಿನ ಜೊತೆ ಹೋಗುವ ಬೇಳೆಯಲ್ಲಿ. ಎಣ್ಣೆ ಹಚ್ಚಿ ದಿನಗಟ್ಟಲೆ ಬಿಸಿಲಿಗೆ ಹಾಕುವ ಬದಲು ಬಿಸಿ ಗಾಳಿಯಿಂದ ಸಿಪ್ಪೆ ಸಡಿಲಿಸುವ ವಿಧಾನವನ್ನು ಮೈಸೂರಿನ ಸಿಎಫ್‌ಟಿಆರ್‌ಐ ಎಂದೋ ರೂಪಿಸಿದೆ. ನುಚ್ಚು ತಗ್ಗಿ, ಕ್ವಿಂಟಲಿಗೆ ನಾಲ್ಕು ಕಿಲೋ ಬೇಳೆ ಹೆಚ್ಚು ಬಂದರೂ ಅದು ನೇರ ಲಾಭ.

ಹೊಟ್ಟೆಲ್ಲ ಕಾರ್ಖಾನೆಗೆ ಹೋದರೆ ಚುನಿಯ ಬೆಲೆ ಏರಿ, ಎರಡು ಎಮ್ಮೆ ಕಟ್ಟಿದ ಮನೆಗೆ ಅದರ ಬಿಸಿ ತಟ್ಟುತ್ತದೆ. ಆದ್ದರಿಂದ ಹೊಸ ಘಟಕದ ಮಾತು ಬಂದಾಗ ರೈತ ಗುಂಪುಗಳು ಮೂರು ಲೆಕ್ಕ ಮೊದಲು ಕೇಳಿಕೊಳ್ಳುವುದು ಒಳ್ಳೆಯದು: ನೀರು ಎಲ್ಲಿಂದ, ಒಣಗಿಸುವ ಖರ್ಚು ಎಷ್ಟು, ದನಕ್ಕೆ ಉಳಿಯುವುದು ಏನು?