ಕಾನೂನು ಕಾಯುವುದು ಭಾಷಣವನ್ನಷ್ಟೇ

ಮಹಾರಾಷ್ಟ್ರದ ವೈಜಾಪುರ ಪಟ್ಟಣವಿರುವ ಜಿಲ್ಲೆಗೆ ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರು. ಔರಂಗಾಬಾದನ್ನು ಸಂಭಾಜಿನಗರ ಎನ್ನಬೇಕೆಂದು ಶಿವಸೇನೆಯ ಬಾಳ ಠಾಕ್ರೆ 1988ರಲ್ಲೇ ಸಾರಿದ್ದರು. ಅದು ಅಧಿಕೃತವಾಗಿ ಜಾರಿಗೆ ಬಂದದ್ದು 2023ರಲ್ಲಿ. ಅಷ್ಟೂ ಕಾಲ ಆ ಹೆಸರು ಮತ ಕೇಳುವವರ ಕೈಗೆ ಸಿಗುತ್ತಲೇ ಇತ್ತು. ಔರಂಗಜೇಬ 1689ರಲ್ಲಿ ಕೊಲ್ಲಿಸಿದ ಮರಾಠಾ ದೊರೆ ಸಂಭಾಜಿಯ ಹೆಸರಿಡುವುದು ಇತಿಹಾಸದ ಗೌರವ, ಇದರಲ್ಲಿ ಧರ್ಮವೆಲ್ಲಿ ಬಂತು ಎನ್ನುವವರಿದ್ದಾರೆ. ಬಾಂಬೆ ಹೈಕೋರ್ಟ್ ಕೂಡ 2024ರಲ್ಲಿ ಮರುನಾಮಕರಣವನ್ನು ಎತ್ತಿಹಿಡಿಯಿತು. ಒಪ್ಪೋಣ. ಆದರೆ ಬರೀ ಇತಿಹಾಸವೇ ಆಗಿದ್ದರೆ ಅದನ್ನು ಚುನಾವಣೆ ಬಂದಾಗಲೆಲ್ಲ ಹೊತ್ತು ತರಬೇಕಿರಲಿಲ್ಲ.

ಧರ್ಮದ ಹೆಸರಲ್ಲಿ ಮತ ಕೇಳುವುದನ್ನು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಕಲಂ ಭ್ರಷ್ಟ ಚುನಾವಣಾ ನಡವಳಿಕೆ ಎನ್ನುತ್ತದೆ. ಅದರ ಕೈ ಎಷ್ಟು ಗಿಡ್ಡ ಎಂಬುದು 1995ರ ಡಿಸೆಂಬರ್ 11ರಂದು ಬಯಲಾಯಿತು. ಮುಂಬಯಿಯ ವಿಲೇ ಪಾರ್ಲೆ ಉಪಚುನಾವಣೆಯಲ್ಲಿ ಠಾಕ್ರೆ ಮಾಡಿದ ಭಾಷಣಗಳಿಂದಾಗಿ ಶಿವಸೇನೆಯ ರಮೇಶ ಪ್ರಭು ಅವರ ಗೆಲುವು ರದ್ದಾದದ್ದನ್ನು ಸುಪ್ರೀಂ ಕೋರ್ಟ್ ಅಂದು ಖಾಯಂ ಮಾಡಿತು. ಅದೇ ದಿನ ಅದೇ ಪಕ್ಷದ ಮನೋಹರ ಜೋಶಿ ಪಾರಾದರು. ಮೊದಲ ಹಿಂದೂ ರಾಜ್ಯ ಮಹಾರಾಷ್ಟ್ರದಲ್ಲಿ ಸ್ಥಾಪನೆಯಾಗಲಿದೆ ಎಂಬ ಅವರ ಮಾತು ಬರೀ ಆಶಯ, ಮತಯಾಚನೆಯಲ್ಲ ಎಂದಿತು ಕೋರ್ಟು. ಎಂಥ ನಾಜೂಕು! ಇನ್ನು ಗೆದ್ದ ಮೇಲೆ ಸರ್ಕಾರ ಮಾಡುವ ಕೆಲಸಕ್ಕೂ ಈ ಕಲಮಿಗೂ ಸಂಬಂಧವೇ ಇಲ್ಲ. ಅದಕ್ಕೆ ಇರುವುದು ನಮ್ಮ ಎಸ್.ಆರ್. ಬೊಮ್ಮಾಯಿ ಪ್ರಕರಣದ 1994ರ ತೀರ್ಪು. ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪ ಎಂದ ಆ ತೀರ್ಪು ಮೂರು ರಾಜ್ಯ ಸರ್ಕಾರಗಳ ವಜಾವನ್ನೂ ಒಪ್ಪಿತು. ಆದರೆ ಅಷ್ಟಕ್ಕೆ ಬಾಬರಿ ಮಸೀದಿ ಬೀಳಬೇಕಾಯಿತು.

ಹಾಗಾದರೆ ರಾಜಕೀಯದಲ್ಲಿ ಧರ್ಮದ ಮಾತೇ ಬೇಡವೇ? ವೈಜಾಪುರದ ನೆರೆಯ ಯೇವಲೆಯಲ್ಲಿ 1935ರಲ್ಲಿ ಅಂಬೇಡ್ಕರ್, ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ನಾಸಿಕದ ಕಾಳಾರಾಮ ಗುಡಿಯ ಬಾಗಿಲಲ್ಲಿ ವರ್ಷಗಟ್ಟಲೆ ಸತ್ಯಾಗ್ರಹ ಮಾಡಿಯೂ ಒಳಗೆ ಪ್ರವೇಶ ಸಿಗದವರ ಮಾತದು. ಅದು ಧರ್ಮದ ಮಾತೂ ಹೌದು, ಅಪ್ಪಟ ರಾಜಕೀಯವೂ ಹೌದು. ಮತದಾರನ ಧರ್ಮವನ್ನೂ ನಿಷೇಧದೊಳಗೆ ಸೇರಿಸಿದ ಸುಪ್ರೀಂ ಕೋರ್ಟಿನ 2017ರ ತೀರ್ಪಿಗೆ ಏಳರಲ್ಲಿ ಮೂವರು ನ್ಯಾಯಮೂರ್ತಿಗಳು ಒಪ್ಪದಿದ್ದುದು ಇದೇ ಕಾರಣಕ್ಕೆ: ಜಾತಿ, ಧರ್ಮದಿಂದ ನೊಂದವರು ಆ ನೋವನ್ನು ಚುನಾವಣೆಯಲ್ಲಿ ಹೇಳದೆ ಇನ್ನೆಲ್ಲಿ ಹೇಳಬೇಕು? ನನಗೆ ಆ ಮೂವರೇ ಸರಿ ಎನಿಸುತ್ತದೆ. ಅಂಬೇಡ್ಕರರ ಮಾತು ಯಾರ ಪೌರತ್ವವನ್ನೂ ಕುಗ್ಗಿಸಲಿಲ್ಲ. ಹಿಂದೂ ರಾಜ್ಯದ ಮಾತು ಉಳಿದವರನ್ನು ಬಾಡಿಗೆದಾರರನ್ನಾಗಿಸುತ್ತದೆ. ಕಲಂ ಅಳೆಯಬೇಕಾದದ್ದು ಈ ವ್ಯತ್ಯಾಸವನ್ನು. ಸದ್ಯಕ್ಕೆ ಅದು ಶಬ್ದಗಳನ್ನು ತೂಗುತ್ತದೆ, ಅದೂ ಫಲಿತಾಂಶ ಬಂದ 45 ದಿನದೊಳಗೆ ಆ ಕ್ಷೇತ್ರದ ಮತದಾರನೋ ಅಭ್ಯರ್ಥಿಯೋ ಹೈಕೋರ್ಟಿನ ಮೆಟ್ಟಿಲು ಹತ್ತಿದರೆ ಮಾತ್ರ.