ಮೊರೇರ ಗುಡ್ಡ: ವಾರಸುದಾರರಿಲ್ಲದ ಮಸಣ

ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿದೆ ಹಿರೇಬೆಣಕಲ್. ಊರು ದಾಟಿ, ಬಂಡೆಗಳ ಮೇಲೆ ಕಾಲೂರುತ್ತ, ಮುಳ್ಳುಪೊದೆ ಸರಿಸುತ್ತ ಏರಿದರೆ ಮೊರೇರ ಗುಡ್ಡ ಸಿಗುತ್ತದೆ. ನಾಲ್ಕು ಬದಿಗೂ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಲಿನ ಕೋಣೆಗಳು ಅಲ್ಲಿ ಸಾಲುಸಾಲಾಗಿ ನಿಂತಿವೆ. ಕೆಲವು ಆಳೆತ್ತರವನ್ನೂ ಮೀರಿವೆ. ಒಂದು ಬದಿಯ ಕಲ್ಲಿನಲ್ಲಿ ದುಂಡನೆಯ ಕಿಂಡಿ.

ಮೊರೇರು ಮೂರಡಿ ಎತ್ತರದ ಕುಳ್ಳರು, ಬೆಂಕಿ ಮಳೆ ಸುರಿಯುತ್ತದೆಂದು ಹೆದರಿ ಈ ಮನೆಗಳನ್ನು ಕಟ್ಟಿಕೊಂಡರು, ಆದರೂ ಉಳಿಯಲಿಲ್ಲ ಎಂಬುದು ಸುತ್ತಲಿನ ಊರುಗಳ ಕಥೆ. ನಿಜಕ್ಕೂ ಇದು ಮಸಣ. ಸುಮಾರು 400 ಶಿಲಾಸಮಾಧಿಗಳಿರುವ ಇದರ ಕಾಲವನ್ನು ಕ್ರಿ.ಪೂ. 800ರಿಂದ 200 ಎಂದು ವಿದ್ವಾಂಸರು ಅಂದಾಜಿಸುತ್ತಾರೆ. ಪಕ್ಕದ ಕೊಪ್ಪಳದ ಗವಿಮಠದಲ್ಲಿ ಅಶೋಕನ ಶಾಸನ ಕೆತ್ತುವ ಹೊತ್ತಿಗೆ ಇಲ್ಲಿನ ಹಳೆಯ ಗೋರಿಗಳಿಗೆ ಐದು ಶತಮಾನವೇ ಆಗಿದ್ದಿರಬೇಕು. 1835ರಲ್ಲಿ ಇದನ್ನು ಹೊರಜಗತ್ತಿನ ಗಮನಕ್ಕೆ ತಂದವನು ಮೆಡೋಸ್ ಟೇಲರ್, ಮುಂದೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡನಲ್ಲ, ಅವನೇ.

ಇಷ್ಟು ಹಳೆಯ ಕಲ್ಲುಗಳಿಗೆ ಗಾಳಿ, ಮಳೆ ಮಾಡಿದ ಹಾನಿಗಿಂತ ನಿಧಿಗಳ್ಳರು ಮಾಡಿದ್ದು ಕಣ್ಣಿಗೆ ರಾಚುತ್ತದೆ. ಮನೆ ಎಂದಮೇಲೆ ಒಳಗೆ ಹೊನ್ನಿನ ಕೊಪ್ಪರಿಗೆ ಇರಲೇಬೇಕಲ್ಲ! ಮುಚ್ಚಳದ ಚಪ್ಪಡಿ ಉರುಳಿಸಿ, ಗೋಡೆ ಕೆಡವಿ ಕೆದಕಿದ್ದಾರೆ. ದಕ್ಷಿಣ ಭಾರತದ ಇಂಥ ಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು, ಹಿಡಿಯಷ್ಟು ಮೂಳೆ. ಅದಕ್ಕಾಗಿ ಇಷ್ಟೊಂದು ಬೆವರು!

ಇಲ್ಲಿನ ಹಲವು ಕೋಣೆಗಳಿಗೆ ಬುನಾದಿಯಿಲ್ಲ. ಗುಡ್ಡದಲ್ಲೇ ಪದರ ಪದರವಾಗಿ ಎದ್ದ ಗ್ರಾನೈಟ್ ಎಬ್ಬಿಸಿ, ಬರಿ ಬಂಡೆಯ ಮೇಲೆ ಒಂದಕ್ಕೊಂದು ಆತು ನಿಲ್ಲುವಂತೆ ಜೋಡಿಸಿದ್ದಾರೆ. ಒಂದನ್ನು ಕಿತ್ತರೆ ಉಳಿದವೂ ಕುಸಿಯುತ್ತವೆ. ಬಿದ್ದದ್ದನ್ನೆಲ್ಲ ಎತ್ತಿ ಸಿಮೆಂಟು ಮೆತ್ತಿ ನಿಲ್ಲಿಸಬೇಕೆನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಯಾವ ಕಲ್ಲು ಎಲ್ಲಿತ್ತೆಂದು ತಿಳಿಯದೆ ಕಟ್ಟಿದರೆ ಅದು ನಮ್ಮ ಕಾಲದ ಕಟ್ಟಡವಾಗುತ್ತದೆ. ಮೊದಲು ಬೇಕಾದದ್ದು ಒಂದೊಂದು ಗೋರಿಯ ನಕ್ಷೆ ಮತ್ತು ಛಾಯಾಚಿತ್ರ, ವಾಲಿದವಕ್ಕೆ ಆಸರೆ, ಸಂದಿನಲ್ಲಿ ಬೇರಿಳಿಸುವ ಗಿಡಗಳನ್ನು ಎಳೆಯದರಲ್ಲೇ ಸವರುವ ಕೆಲಸ. ಜೊತೆಗೆ ರಾತ್ರಿಯೂ ಇರುವ ಕಾವಲುಗಾರರು. ಊರಿನ ಕುರಿಗಾಹಿಗಳಿಗಿಂತ ಈ ಗುಡ್ಡ ಬಲ್ಲವರು ಯಾರಿದ್ದಾರೆ? ಕಾವಲಿನ ಸಂಬಳ ಅವರ ಮನೆಗೇ ಹೋಗಲಿ.

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಈ ತಾಣ 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಪಟ್ಟಿ ನೋಡಿ ಜನ ಬರುತ್ತಾರೆ. ಬಂದವರ ಕಾಲ್ತುಳಿತಕ್ಕೂ ದಾರಿ ಗುರುತಿಸಬೇಕು. ಎತ್ತರದ ಬಂಡೆಯ ನೆತ್ತಿಯಲ್ಲಿ ನಗಾರಿಯಾಕಾರದ ದೊಡ್ಡ ಕಲ್ಲೊಂದಿದೆ. ಹೊಡೆದರೆ ದೂರದವರೆಗೂ ದನಿ ಕೇಳುತ್ತದೆ ಎಂಬ ಖ್ಯಾತಿ ಅದಕ್ಕೆ. ಅದನ್ನು ಪ್ರತಿಯೊಬ್ಬರೂ ಕಲ್ಲಿನಿಂದ ಕುಟ್ಟಿ ಪರೀಕ್ಷಿಸಬೇಕಾಗಿಲ್ಲ. ಗವಿಗಳಲ್ಲಿರುವ ಕೆಮ್ಮಣ್ಣಿನ ಬೇಟೆ, ಕುಣಿತದ ಚಿತ್ರಗಳನ್ನು ಮುಟ್ಟದೆ ನೋಡಿದರೂ ಚೆನ್ನಾಗಿಯೇ ಕಾಣುತ್ತವೆ.

ಹೋಗುವವರು ಬಿಸಿಲೇರುವ ಮುನ್ನ ಹತ್ತಿ, ಹಿರೇಬೆಣಕಲ್ಲಿನವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಅವರಿಗೆ ದಿನದ ಕೂಲಿ ಕೊಡಿ.