ಹೃದಯ ಬದಲಿಸಿಕೊಂಡ ಎಂಜಿನ್‌ಗಳು

ಉಗಿಬಂಡಿಗೆ ಅಭಿಮಾನಿಗಳ ಕೊರತೆ ಎಂದೂ ಬಂದಿಲ್ಲ. ಅದು ನಿವೃತ್ತವಾದ ಕಡೆಯಲ್ಲೆಲ್ಲ ಯಾರಾದರೊಬ್ಬರು ಅದನ್ನು ತೊಳೆದು, ಬಣ್ಣ ಬಳಿದು, ವಸ್ತುಸಂಗ್ರಹಾಲಯದ ಅಂಗಳದಲ್ಲಾದರೂ ನಿಲ್ಲಿಸುತ್ತಾರೆ. ಡೀಸೆಲ್ ಎಂಜಿನ್ನಿಗೆ ಆ ಭಾಗ್ಯ ಕಡಿಮೆ. ಉಗಿಬಂಡಿಯನ್ನು ಗುಜರಿಗೆ ಅಟ್ಟಿದ್ದೇ ಅದು ಎಂಬ ಮುನಿಸು ಬೇರೆ. ಹೀಗಿದ್ದೂ ಐರ್ಲೆಂಡಿನ ಡೀಸೆಲ್ ಎಂಜಿನ್‌ಗಳನ್ನು ಉಳಿಸುವುದಕ್ಕಾಗಿಯೇ 1989ರಲ್ಲಿ 'ಐರಿಷ್ ಟ್ರ್ಯಾಕ್ಷನ್ ಗ್ರೂಪ್' ಎಂಬ ಹವ್ಯಾಸಿಗಳ ಸಂಘ ಹುಟ್ಟಿತು. ಅದು ಉಳಿಸಹೊರಟ ಎಂಜಿನ್‌ಗಳ ಹಿಂದೆ ಒಂದು ದುಬಾರಿ ಎಡವಟ್ಟಿನ ಕಥೆಯಿದೆ.

ಐರ್ಲೆಂಡಿನ ರೈಲುಗಳು ಬ್ರಿಟನ್ನಿನಿಂದ ಬರುವ ಕಲ್ಲಿದ್ದಲನ್ನು ನಂಬಿ ಓಡುತ್ತಿದ್ದವು. ಎರಡನೆಯ ಮಹಾಯುದ್ಧದಲ್ಲಿ ಆ ಪೂರೈಕೆ ಸೊರಗಿತು. ಯುದ್ಧ ಮುಗಿದರೂ ಬವಣೆ ಮುಗಿಯಲಿಲ್ಲ. 1947ರ ಭೀಕರ ಚಳಿಗಾಲದಲ್ಲಿ ಕಲ್ಲಿದ್ದಲಿಲ್ಲದೆ ಹಲವು ಮಾರ್ಗಗಳಲ್ಲಿ ಪ್ರಯಾಣಿಕರ ರೈಲುಗಳನ್ನೇ ನಿಲ್ಲಿಸಬೇಕಾಯಿತು. ಪರರ ಇಂಧನವನ್ನು ನೆಚ್ಚಿದರೆ ಏನಾಗುತ್ತದೆ ಎಂಬುದು ರಾಷ್ಟ್ರೀಯ ಸಾರಿಗೆ ಸಂಸ್ಥೆಯಾದ ಸಿ.ಐ.ಇ.ಗೆ ಚೆನ್ನಾಗಿಯೇ ಅರಿವಾಯಿತು. ಸಂಸ್ಥೆಯ ಮುಖ್ಯ ಯಂತ್ರಶಿಲ್ಪಿ ಆಲಿವರ್ ಬುಲ್ಲೀಡ್, ದೇಶದ ಜೌಗುನೆಲದಲ್ಲಿ ಕಡಿದು ಒಣಗಿಸುವ ಪೀಟ್ ಹೆಂಟೆಗಳನ್ನೇ ಉರಿಸುವ ಉಗಿ ಎಂಜಿನ್ ಕಟ್ಟಿ 1957ರಲ್ಲಿ ಓಡಿಸಿಯೂ ನೋಡಿದರು. ಆ ಜಾತಿಗೆ ಅದೊಂದೇ ಕುಡಿ. 1965ರಲ್ಲಿ ಅದನ್ನೂ ಒಡೆದುಹಾಕಿದರು.

ಅಷ್ಟರಲ್ಲಿ ಸಂಸ್ಥೆ ಡೀಸೆಲ್ ಕಡೆಗೆ ಹೊರಳಿಯಾಗಿತ್ತು. 1954ರಲ್ಲಿ ಬ್ರಿಟನ್ನಿನ ಮೆಟ್ರೊಪಾಲಿಟನ್-ವಿಕರ್ಸ್ ಕಂಪನಿಗೆ ಒಂದೇ ಏಟಿಗೆ 94 ಎಂಜಿನ್‌ಗಳಿಗೆ ಬೇಡಿಕೆ ಹೋಯಿತು. ಮುಖ್ಯ ಮಾರ್ಗಗಳಿಗೆ 1,200 ಅಶ್ವಶಕ್ತಿಯ 'ಎ' ಶ್ರೇಣಿಯವು 60. ಕವಲು ಮಾರ್ಗಗಳಿಗೆ 550 ಅಶ್ವಶಕ್ತಿಯ 'ಸಿ' ಶ್ರೇಣಿಯವು 34. ಒಳಗಿದ್ದದ್ದು ಮ್ಯಾಂಚೆಸ್ಟರಿನ ಕ್ರಾಸ್ಲೆ ಕಂಪನಿಯ ಡೀಸೆಲ್ ಯಂತ್ರ. 1955ರಿಂದ ಇವು ಬೆಳ್ಳಿಬಣ್ಣ ಬಳಿದುಕೊಂಡು ಬಂದಿಳಿದವು. ಆ ಬಣ್ಣ ಆರಿಸಿದವರು ಯಂತ್ರದ ಗುಣ ಅರಿತಿರಲಿಲ್ಲವೇನೋ! ಕ್ರಾಸ್ಲೆ ಹೊಗೆ ಕಾರಿತು, ಎಣ್ಣೆ ಸೋರಿತು, ನಡುಗಿ ನಡುಗಿ ತನ್ನ ಭಾಗಗಳನ್ನೇ ಸಡಿಲಿಸಿಕೊಂಡಿತು. ಇದೇ ಯಂತ್ರವನ್ನು ಕೊಂಡ ಪಶ್ಚಿಮ ಆಸ್ಟ್ರೇಲಿಯದ ರೈಲ್ವೆ ಕೂಡ ಇದೇ ಗೋಳು ಅನುಭವಿಸಿತು.

ಸಿ.ಐ.ಇ. ಮುಂದಿನ ಸಲ ಅಟ್ಲಾಂಟಿಕ್ ದಾಟಿ ಅಂಗಡಿ ಹುಡುಕಿತು. ಅಮೆರಿಕದ ಜನರಲ್ ಮೋಟಾರ್ಸ್ ಕಟ್ಟಿದ 15 ಎಂಜಿನ್‌ಗಳು (121 ಶ್ರೇಣಿ) 1961ರಲ್ಲಿ ಕೆಲಸಕ್ಕೆ ನಿಂತವು. ಅವಕ್ಕೆ ಚಾಲಕನ ಕೋಣೆ ಒಂದೇ ತುದಿಯಲ್ಲಿ. ಹಿಂದಿರುಗುವಾಗ ಎಂಜಿನ್ನನ್ನೇ ತಿರುಗಿಸಿ ನಿಲ್ಲಿಸಬೇಕು. ಆದರೆ ಅವು ಕೆಟ್ಟು ನಿಲ್ಲುತ್ತಿರಲಿಲ್ಲ. 1962ರಲ್ಲಿ ಎರಡೂ ತುದಿಗೆ ಕೋಣೆಯಿದ್ದ ಇನ್ನೂ 37 ಬಂದವು. 1963ರಲ್ಲಿ ಸಿ.ಐ.ಇ.ಯ ಉಗಿಯುಗ ಮುಗಿಯಿತು.

ಬೆಳ್ಳಿ ಎಂಜಿನ್‌ಗಳ ಗತಿ? ಇಲ್ಲಿ ಡೀಸೆಲ್ ಎಂಜಿನ್ನಿನ ಒಳಗುಟ್ಟು ತಿಳಿಯಬೇಕು. ಅದರಲ್ಲಿ ಡೀಸೆಲ್ ಯಂತ್ರ ಗಾಲಿಗಳನ್ನು ನೇರವಾಗಿ ತಿರುಗಿಸುವುದಿಲ್ಲ. ಅದು ಜನರೇಟರನ್ನು ತಿರುಗಿಸುತ್ತದೆ. ಅಲ್ಲಿ ಹುಟ್ಟಿದ ವಿದ್ಯುತ್ತು ಗಾಲಿಗಳ ಅಚ್ಚಿಗೆ ಅಂಟಿಕೊಂಡ ಮೋಟಾರುಗಳನ್ನು ಓಡಿಸುತ್ತದೆ. ಹಾಗಾಗಿ ಉಳಿದದ್ದೆಲ್ಲ ಗಟ್ಟಿಯಾಗಿದ್ದರೆ ಯಂತ್ರವೊಂದನ್ನೇ ಕಿತ್ತು ಬೇರೆಯದನ್ನು ಕೂರಿಸಬಹುದು. ಡಬ್ಲಿನ್ನಿನ ಇಂಚಿಕೋರ್ ಕಾರ್ಖಾನೆ ಮಾಡಿದ್ದು ಇದನ್ನೇ. 1968ರಿಂದ 1971ರ ಒಳಗೆ 'ಎ' ಶ್ರೇಣಿಯ ಅಷ್ಟೂ ಎಂಜಿನ್‌ಗಳಿಂದ ಕ್ರಾಸ್ಲೆ ಹೊರಬಿದ್ದು, ಜನರಲ್ ಮೋಟಾರ್ಸ್‌ನ '645' ಯಂತ್ರ ಒಳಬಂದಿತು. ಹೃದಯ ಬದಲಿಸಿಕೊಂಡದ್ದರ ಗುರುತಾಗಿ ಸಂಖ್ಯೆಯ ಮುಂದೆ 'ಆರ್' ಅಕ್ಷರ ಸೇರಿತು. ಹತ್ತು ಹದಿನೈದು ವರ್ಷಕ್ಕೇ ಗುಜರಿ ಸೇರಬೇಕಿದ್ದ ಈ ಎಂಜಿನ್‌ಗಳಲ್ಲಿ ಕೊನೆಯವು 1995ರವರೆಗೆ ದುಡಿದವು.

ಅವುಗಳ ಜಾಗಕ್ಕೆ ಬಂದ 201 ಶ್ರೇಣಿಯೂ ಜನರಲ್ ಮೋಟಾರ್ಸ್‌ನದೇ. ಅದರ ಮೊದಲ ಎಂಜಿನ್ನನ್ನು 1994ರಲ್ಲಿ ಕೆನಡಾದಿಂದ ದೈತ್ಯ ಆಂಟೊನೊವ್ ವಿಮಾನದಲ್ಲಿ ಡಬ್ಲಿನ್ನಿಗೆ ಹೊತ್ತು ತಂದರು. ಅದರೊಳಗಿನ '710' ಯಂತ್ರದ ಅಣ್ಣತಮ್ಮಂದಿರು ನಮ್ಮಲ್ಲೂ ಉಂಟು. 1999ರಲ್ಲಿ ಹುಬ್ಬಳ್ಳಿ ಶೆಡ್ಡಿಗೆ ಬಂದ ಡಬ್ಲ್ಯುಡಿಜಿ-4 ಎಂಜಿನ್ನಿನದು ಅದೇ ಕುಲ.

ಅರವತ್ತು 'ಎ' ಎಂಜಿನ್‌ಗಳಲ್ಲಿ ಉಳಿದದ್ದು ನಾಲ್ಕು. ಬ್ರಿಟನ್ನಿನ ಸಂರಕ್ಷಕರಿಗೆ ನೆರೆಯ ಸಂಘದಿಂದ ಗಾಲಿ, ಬೋಗಿ ಕಡ ತರುವ ಅನುಕೂಲವಿದೆ. ಐರ್ಲೆಂಡಿಗೆ ಅದಿಲ್ಲ. 1846ರ ಕಾನೂನಿನಂತೆ ಅಲ್ಲಿನ ಹಳಿಗಳ ನಡುವಿನ ಅಂತರ 5 ಅಡಿ 3 ಅಂಗುಲ. ಬ್ರಿಟನ್ನಿನ ಅಳತೆಗಿಂತ ಆರೂವರೆ ಅಂಗುಲ ಹೆಚ್ಚು, ನಮ್ಮ ಬ್ರಾಡ್‌ಗೇಜಿಗಿಂತ ಮೂರು ಅಂಗುಲ ಕಡಿಮೆ. ಸಂಗ್ರಹದಲ್ಲಿ ಕೈತಪ್ಪಿ ಹೋದದ್ದಕ್ಕೆ ಬದಲಿ ಹೊರಗೆಲ್ಲೂ ಸಿಕ್ಕದು.

ಉಳಿದ ನಾಲ್ಕರಲ್ಲಿ ಒಂದರಲ್ಲೂ ಕ್ರಾಸ್ಲೆ ಇಲ್ಲ. 1955ರಲ್ಲಿ ಡಬ್ಲಿನ್ ಮಂದಿ ಕೇಳಿದ ಆ ಸದ್ದಿನ ಯಂತ್ರ ನೋಡಬೇಕೆಂದರೆ ಇಂಗ್ಲೆಂಡಿನಲ್ಲೋ ಪಶ್ಚಿಮ ಆಸ್ಟ್ರೇಲಿಯದಲ್ಲೋ ಉಳಿದಿರುವ ಪರಕೀಯ ಎಂಜಿನ್‌ಗಳನ್ನು ಹುಡುಕಿ ಹೋಗಬೇಕು. ಮೂಲರೂಪವೇ ಇಲ್ಲದ ಮೇಲೆ ಉಳಿಸಿದ್ದಾದರೂ ಏನನ್ನು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯೆ. ಆದರೆ ಕ್ರಾಸ್ಲೆ ಉಳಿದಿದ್ದರೆ ಬಿಡಿಭಾಗ ಸಿಗದೆ ಈ ಎಂಜಿನ್‌ಗಳು ಬೊಂಬೆಗಳಾಗಿ ನಿಲ್ಲಬೇಕಾಗುತ್ತಿತ್ತು. '645' ಯಂತ್ರ ಜಗತ್ತಿನ ಮೂಲೆ ಮೂಲೆಯಲ್ಲಿ ಓಡಿದ್ದರಿಂದ ಅದರ ಬಿಡಿಭಾಗ ಸಿಗುತ್ತದೆ. ಬೆಳ್ಳಿ ಎಂಜಿನ್ನಿನ ಮೂಲತನ ಕಳೆದ ರಿಪೇರಿಯೇ ಅದನ್ನು ಓಡುವಂತೆ ಇಟ್ಟಿದೆ. ಹವ್ಯಾಸಿಗಳು ಆ ರಿಪೇರಿಯನ್ನೂ ಇತಿಹಾಸವೆಂದೇ ಎಣಿಸುವುದು ನ್ಯಾಯ.

ಟ್ರ್ಯಾಕ್ಷನ್ ಗ್ರೂಪ್ ಟಿಪ್ಪರರಿ ಕೌಂಟಿಯ ಕ್ಯಾರಿಕ್-ಆನ್-ಶೂರ್ ನಿಲ್ದಾಣದ ಹಳೆಯ ಗೂಡ್ಸ್ ಶೆಡ್ಡಿನಲ್ಲಿ ನೆಲೆ ಮಾಡಿಕೊಂಡಿತು. ಸ್ವಿಸ್ ಸುಲ್ಜರ್ ಯಂತ್ರವಿದ್ದ ಹನ್ನೆರಡು ಎಂಜಿನ್‌ಗಳ ಪೈಕಿ ಉಳಿದ ಏಕೈಕ ಬಿ103 ಅದರ ಪಾಲಿನದು. ಅದೇ ಸಂಘದ ಎ39 ಸೇರಿದ್ದು ಮಾತ್ರ ಗಡಿಯಾಚೆ, ಉತ್ತರ ಐರ್ಲೆಂಡಿನ ಡೌನ್‌ಪ್ಯಾಟ್ರಿಕ್‌ನ ಪಾರಂಪರಿಕ ರೈಲುಮಾರ್ಗವನ್ನು. 2023ರ ನವೆಂಬರಿನ ನೆರೆಯಲ್ಲಿ ಆ ಊರಿನ ಜತೆಗೆ ರೈಲುಮಾರ್ಗವೂ ಮುಳುಗಿತು. ಡೀಸೆಲ್ ಯಂತ್ರವೇನೋ ಎತ್ತರದಲ್ಲಿರುತ್ತದೆ. ವಿದ್ಯುತ್ ಮೋಟಾರುಗಳಿರುವುದು ಗಾಲಿಗಳ ನಡುವೆ, ನೆಲಕ್ಕೆ ತೀರ ಹತ್ತಿರ. ನೆರೆಯ ನೀರು ಮೊದಲು ಮುಟ್ಟುವುದು ಅವನ್ನೇ.